ಬಹುಮಾನದ ಹಣ ಎಲ್ಲಿಂದ ಬರುತ್ತದೆ?

ಪ್ರತಿಭಾ ಪುರಸ್ಕಾರ ಎಂದರೆ ನಮಗೆ ನೆನಪಾಗುವುದು ಶಾಲು, ಹಾರ, ಸ್ಮರಣಿಕೆ, ಚಪ್ಪಾಳೆ. ಅದರ ಹಿಂದೆ ಎರಡು ತಿಂಗಳ ಓಡಾಟ ಇರುತ್ತದೆ ಎಂಬುದು ನನಗೆ ತಿಳಿದದ್ದು ಈ ವರ್ಷ ವಾಣಿಜ್ಯ ವಿಭಾಗದ ಪ್ರತಿನಿಧಿಯಾಗಿ ಪುರಸ್ಕಾರ ಸಮಿತಿ ಸೇರಿದ ಮೇಲೆ. ನಾವು ಮೂವರು ವಿದ್ಯಾರ್ಥಿನಿಯರು ಮೇಡಂ ಅವರ ಜೊತೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಲ್ಲ ಕಡೆ ತಿರುಗಿದೆವು. ನಮ್ಮ ಸಹಪಾಠಿಗಳು ಈ ಎಲ್ಲ ಊರುಗಳಿಂದ ಬರುವವರು. ಹಾಗಾಗಿ ಕೇಳುವ ಕೈಯೂ ಎಲ್ಲ ಊರಿಗೂ ಹೋಗಬೇಕು. ಮುಂದಿನ ವರ್ಷ ಸಮಿತಿಗೆ ಬರುವವರಿಗೆ ಅನುಕೂಲವಾಗಲಿ ಎಂದು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ದಾನ, ದತ್ತಿ, ಪ್ರಾಯೋಜಕತ್ವ

ಇವು ಮೂರೂ ಬೇರೆ ಬೇರೆ. ದಾನ ಕೊಟ್ಟವರು ಏನನ್ನೂ ಬಯಸುವುದಿಲ್ಲ, ಹೆಸರನ್ನೂ ಬೇಡ ಎನ್ನುತ್ತಾರೆ. ಪ್ರಾಯೋಜಕರು ತಮ್ಮ ಅಂಗಡಿಯ ಹೆಸರು ಬ್ಯಾನರಿನಲ್ಲಿ, ಆಮಂತ್ರಣ ಪತ್ರಿಕೆಯಲ್ಲಿ ಬರಲಿ ಎಂದು ಬಯಸುತ್ತಾರೆ. ಅದು ವ್ಯಾಪಾರ, ಅದರಲ್ಲಿ ತಪ್ಪಿಲ್ಲ. ದತ್ತಿ ಎಂದರೆ ಒಂದು ಇಡಗಂಟು. ಅದರ ಆದಾಯದಿಂದ ಪ್ರತಿ ವರ್ಷ ಬಹುಮಾನ ಕೊಡುವುದು. ಕನ್ನಡ ಸಾಹಿತ್ಯ ಪರಿಷತ್ತಿನ ಎಷ್ಟೋ ಪ್ರಶಸ್ತಿಗಳು ಹೀಗೆ ದತ್ತಿಯಿಂದ ನಡೆಯುತ್ತವೆ. 30,000 ರೂಪಾಯಿ ಠೇವಣಿ ಇಟ್ಟು ಶೇಕಡಾ 6ರಷ್ಟು ಬಡ್ಡಿ ಬಂದರೆ ವರ್ಷಕ್ಕೆ 1,800 ರೂಪಾಯಿ. ಆದರೆ ನಮ್ಮಲ್ಲಿ ಬಡ್ಡಿಯ ಹಣ ಬೇಡ ಎನ್ನುವ ಹಿರಿಯರು ಇದ್ದಾರೆ. ಅಂಥವರಿಗೆ ಠೇವಣಿಯ ಮಾತೇ ಎತ್ತದೆ, ಐದು ವರ್ಷ ಪ್ರತಿ ವರ್ಷ ಒಂದು ಬಹುಮಾನ ಕೊಡುತ್ತೀರಾ ಎಂದು ಕೇಳಿದೆವು. ಒಪ್ಪಿದರು.

ಕೆಲವರು ಝಕಾತ್ ಹಣ ಕೊಡಲು ಮುಂದೆ ಬಂದರು. ಝಕಾತ್ ಯಾರಿಗೆ ಸಲ್ಲಬೇಕೆಂದು ಕುರ್‌ಆನ್ ಎಂಟು ವರ್ಗಗಳನ್ನು ಹೇಳಿದೆ. ಹೆಚ್ಚು ಅಂಕ ಪಡೆದವರು ಎಂಬ ವರ್ಗ ಅದರಲ್ಲಿಲ್ಲ. ಆದ್ದರಿಂದ ಆ ಹಣವನ್ನು ಬಹುಮಾನಕ್ಕೆ ಸೇರಿಸದೆ, ಕೊಟ್ಟವರಿಗೆ ತಿಳಿಸಿ, ಬಡ ವಿದ್ಯಾರ್ಥಿಗಳ ಶುಲ್ಕಕ್ಕೆ ಪ್ರತ್ಯೇಕವಾಗಿ ಇಡಲಾಯಿತು. ಆ ನೆರವನ್ನು ವೇದಿಕೆಯ ಮೇಲೆ ಕೊಡುವುದಿಲ್ಲ, ಫೋಟೋ ತೆಗೆಯುವುದಿಲ್ಲ. ಬಹುಮಾನ ಪಡೆದವಳು ತಲೆ ಎತ್ತಿ ನಿಲ್ಲಬೇಕು. ನೆರವು ಪಡೆದವಳನ್ನು ತಲೆ ತಗ್ಗಿಸುವಂತೆ ಮಾಡಬಾರದು.

ದೊಡ್ಡ ಕಂಪನಿಗಿಂತ ಹತ್ತಿರದ ಅಂಗಡಿ

ದೊಡ್ಡ ಕಂಪನಿಗಳ ಸಿಎಸ್‌ಆರ್ ನಿಧಿ ಕೇಳೋಣ ಎಂಬ ಸಲಹೆ ಮೊದಲ ಸಭೆಯಲ್ಲೇ ಬಂತು. 2013ರ ಕಂಪನಿ ಕಾಯ್ದೆಯ ಪ್ರಕಾರ, ನಿಗದಿತ ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಶಿಕ್ಷಣವೂ ಅದರಲ್ಲಿ ಸೇರಿದೆ. ಆದರೆ ಮ್ಯಾರಥಾನ್, ಪ್ರಶಸ್ತಿ ಸಮಾರಂಭದಂಥ ಒಂದು ದಿನದ ಕಾರ್ಯಕ್ರಮಗಳು ಸಿಎಸ್‌ಆರ್ ಖರ್ಚಾಗುವುದಿಲ್ಲ ಎಂದು ಕೇಂದ್ರ ಸರ್ಕಾರ 2014ರ ಜೂನ್‌ನಲ್ಲೇ ಸುತ್ತೋಲೆ ಹೊರಡಿಸಿತ್ತು. ಗ್ರಂಥಾಲಯ, ಪ್ರಯೋಗಾಲಯ ಬೇಕಿದ್ದರೆ ಆ ಬಾಗಿಲು ತಟ್ಟಬಹುದು. ಪುರಸ್ಕಾರಕ್ಕೆ ನಮ್ಮ ಬಜಾರೇ ಸರಿ.

ಬಜಾರಿಗೆ ಹೋಗುವ ಮುನ್ನ ಅಂದಾಜು ಪತ್ರಿಕೆ ಕೈಯಲ್ಲಿರಬೇಕು. ಲೆಕ್ಕ ತಿಳಿಯಲೆಂದು ಒಂದು ಉದಾಹರಣೆ: ತಲಾ 2,000 ರೂಪಾಯಿಯ 12 ಬಹುಮಾನಗಳಿಗೆ 24,000, ಸ್ಮರಣಿಕೆಗೆ 4,200, ಪ್ರಮಾಣಪತ್ರ, ಆಮಂತ್ರಣ ಮುದ್ರಣಕ್ಕೆ 3,000, ಶಾಮಿಯಾನ, ಮೈಕ್‌ಗೆ 5,000, ಉಪಾಹಾರಕ್ಕೆ 6,000. ಒಟ್ಟು 42,200. ಇಷ್ಟೂ ನಗದು ಬೇಕಿಲ್ಲ. ಗದಗ ಮುದ್ರಣಕ್ಕೆ ಹೆಸರಾದ ಊರು. ಪ್ರೆಸ್ಸಿನವರು ಮುದ್ರಣವನ್ನೇ ಕೊಡಬಹುದು. ಬೆಟಗೇರಿಯ ನೇಕಾರರು ಶಾಲಿನ ಬದಲು ತಾವು ನೇಯ್ದ ಬಟ್ಟೆ ಕೊಡಬಹುದು. ಶಾಮಿಯಾನದವರು ಬಾಡಿಗೆ ಬಿಡಬಹುದು. ಆಗ ಉಳಿಯುವುದು 34,200, ಅದರಲ್ಲಿ ಬಹುಮಾನದ ಪಾಲು 24,000. ಅದನ್ನೂ 'ಇಷ್ಟು ಕೊಡಿ' ಎನ್ನದೆ 'ಒಂದು ಬಹುಮಾನ ನಿಮ್ಮದಾಗಲಿ' ಎಂದು ಕೇಳಿದರೆ 12 ಮನೆಗಳು ಸಾಕು. ಬಹಳ ಜನ ತಂದೆ-ತಾಯಿಯ ನೆನಪಿಗೆ ಒಂದು ಬಹುಮಾನ ಕೊಡಲು ಸಂತೋಷದಿಂದ ಒಪ್ಪುತ್ತಾರೆ.

ಹೊತ್ತೂ ಮುಖ್ಯ. ಎಪಿಎಂಸಿಯ ದಲಾಲಿ ಅಂಗಡಿಗೆ ಹೆಸರಿನ ಸುಗ್ಗಿಯಲ್ಲಿ, ಬೆಳಿಗ್ಗೆ ಮಾಲು ಇಳಿಯುವಾಗ ಹೋದರೆ ಯಾರೂ ತಲೆ ಎತ್ತುವುದಿಲ್ಲ. ಸಂಜೆ ಹೋದರೆ ಚಹಾ ಕುಡಿಸಿ ಮಾತಾಡಿಸುತ್ತಾರೆ.

ಯಾವುದನ್ನು ಒಲ್ಲೆ ಎನ್ನಬೇಕು

ತಂಬಾಕು, ಗುಟ್ಕಾ ಕಂಪನಿಯ ಹೆಸರು ಬ್ಯಾನರಿಗೆ ಬರಲೇಬಾರದು. ಬಹುಮಾನ, ವಿದ್ಯಾರ್ಥಿವೇತನ, ಪ್ರಾಯೋಜಕತ್ವದ ಬದಲಿಗೆ ತಂಬಾಕಿನ ಬ್ರ್ಯಾಂಡ್ ಪ್ರಚಾರ ಮಾಡುವುದನ್ನು 2003ರ ಕೋಟ್ಪಾ ಕಾಯ್ದೆ ನಿಷೇಧಿಸಿದೆ.

ಎರಡನೆಯದು ಇನ್ನೂ ಸೂಕ್ಷ್ಮ. ಒಬ್ಬ ವ್ಯಾಪಾರಿ ದೊಡ್ಡ ಮೊತ್ತ ಕೊಡಲು ಮುಂದೆ ಬಂದು, 'ನಮ್ಮ ಪೈಕಿ ಹುಡುಗಂದೂ ಒಂದ್ ಹೆಸರು ಸೇರಿಸ್ರಿ' ಎಂದರು. ಆ ಹಣ ಬಂದಿದ್ದರೆ ನಮ್ಮ ಓಡಾಟ ಅಂದೇ ಮುಗಿಯುತ್ತಿತ್ತು. ಮೇಡಂ ನಯವಾಗಿಯೇ ಹೇಳಿದರು: 'ಅಣ್ಣಾರ, ಬಹುಮಾನ ನಿಮ್ಮದು, ಆಯ್ಕೆ ಮಾತ್ರ ಅಂಕಪಟ್ಟೀದು.' ಅವರು ಕೊಡಲಿಲ್ಲ. ಆ ಮೊತ್ತ ತುಂಬಲು ನಾವು ಇನ್ನೂ ಎಂಟು ಅಂಗಡಿ ಹತ್ತಿ ಇಳಿದೆವು. ಆದರೆ ಆ ಒಂದು ಹೆಸರು ಸೇರಿದ್ದರೆ, ನಿಜವಾಗಿ ಓದಿ ಗೆದ್ದವರ ಫಲಕಕ್ಕೂ ಬೆಲೆ ಇರುತ್ತಿರಲಿಲ್ಲ.

ದೊಡ್ಡ ಪ್ರಶಸ್ತಿಗಳೂ ನಿಂತಿರುವುದು ಇದೇ ನಿಯಮದ ಮೇಲೆ. 2025ರಲ್ಲಿ ಹಾಸನದ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್' ಕಥಾಸಂಕಲನಕ್ಕೆ ಅಂತಾರಾಷ್ಟ್ರೀಯ ಬುಕರ್ ಬಂತು. 50,000 ಪೌಂಡ್ ಹಣವನ್ನು ಅವರಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಸಮವಾಗಿ ಹಂಚಲಾಯಿತು. ಬುಕರ್ ಎಂಬುದು ಮೂಲತಃ ಒಂದು ಕಂಪನಿಯ ಹೆಸರು. 1969ರಲ್ಲಿ ಆ ಕಂಪನಿಯ ಪ್ರಾಯೋಜಕತ್ವದಲ್ಲಿ ಬುಕರ್ ಪ್ರಶಸ್ತಿ ಶುರುವಾಯಿತು. 2002ರಲ್ಲಿ ಮ್ಯಾನ್ ಗ್ರೂಪ್ ಬಂದು ಅದು 'ಮ್ಯಾನ್ ಬುಕರ್' ಆಯಿತು. 2019ರಲ್ಲಿ ಅವರೂ ಹೋಗಿ ಕ್ರ್ಯಾಂಕ್‌ಸ್ಟಾರ್ಟ್ ಎಂಬ ದತ್ತಿ ಸಂಸ್ಥೆ ಬಂತು. ಹಣ ಕೊಡುವವರು ಬದಲಾದರೂ ಪ್ರಶಸ್ತಿಯ ಗೌರವ ಉಳಿದಿದೆ, ಏಕೆಂದರೆ ಪುಸ್ತಕ ಆರಿಸುವುದು ತೀರ್ಪುಗಾರರು.

ಲೆಕ್ಕವೇ ಮುಂದಿನ ವರ್ಷದ ಅರ್ಜಿ

ಲಕ್ಷ್ಮೇಶ್ವರದ ಕಿರಾಣಿ ಅಂಗಡಿಯ ಚಾಚಾ ನಮ್ಮ ಪತ್ರ ಓದುವ ಮೊದಲೇ ಕೇಳಿದರು: 'ಹ್ವಾದ ವರ್ಷದ ಲೆಕ್ಕಾ ತಂದೀರೇನವ್ವಾ?' ಮೇಡಂ ಕಡತ ತೆರೆದು ತೋರಿಸಿದರು. ಚಾಚಾ ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು, ಆಮೇಲೆ ಎರಡು ಬಹುಮಾನ ಬರೆಸಿದರು. ಅಂದಿನಿಂದ ನಾವು ಪಾಲಿಸಿದ ನಿಯಮಗಳು ಇವು:

ಹಣ ಕಾಲೇಜಿನ ಖಾತೆಗೇ ಬರಬೇಕು, ಯಾರ ಸ್ವಂತ ಫೋನಿಗೂ ಬೇಡ. ನಗದು ಕೊಟ್ಟರೆ ಅಲ್ಲೇ ರಸೀದಿ. ವಸ್ತು ಕೊಟ್ಟರೂ ರಸೀದಿ, ಅದರ ಮೇಲೆ ಅಂದಾಜು ಬೆಲೆ. ಏನು ಪ್ರಚಾರ ಕೊಡುತ್ತೇವೆ ಎಂಬುದು ಪತ್ರದಲ್ಲಿರಬೇಕು, ಬಾಯಿಮಾತು ಬೇಡ. ಯಾರದೇ ಹೆಸರಿನ ಕಾಗುಣಿತವನ್ನು ಅಚ್ಚಿಗೆ ಹೋಗುವ ಮುನ್ನ ಅವರಿಗೇ ತೋರಿಸಬೇಕು. ಸಮಾರಂಭ ಮುಗಿದ ಹದಿನೈದು ದಿನದಲ್ಲಿ ಧನ್ಯವಾದ ಪತ್ರ, ಒಂದು ಫೋಟೋ, ಒಂದು ಪುಟದ ಜಮಾ-ಖರ್ಚು ಎಲ್ಲ ಪ್ರಾಯೋಜಕರಿಗೂ ತಲುಪಬೇಕು. ನೂರು ಕೊಟ್ಟವರಿಗೂ, ಐದು ಸಾವಿರ ಕೊಟ್ಟವರಿಗೂ ಅದೇ ಪುಟ.

ಹಲವರ ಸಣ್ಣ ಹಣ ಒಂದೆಡೆ ಸೇರಿಸಿ ನಂಬಿಕೆಯಿಂದ ನಡೆಸುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ. ಅಂಥ ಸಂಘ ಉಳಿಯುವುದು ಸದಸ್ಯನು ಯಾವಾಗ ಬಂದು ಕೇಳಿದರೂ ಪುಸ್ತಕ ತೆರೆದು ತೋರಿಸಬಲ್ಲ ಕಾರ್ಯದರ್ಶಿಯಿಂದ.

ಈ ವರ್ಷದ ರಸೀದಿ ಪುಸ್ತಕ, ಪ್ರಾಯೋಜಕರ ಪಟ್ಟಿ, ಪತ್ರಗಳ ನಕಲು ಎಲ್ಲವನ್ನೂ ಒಂದು ಕಡತದಲ್ಲಿ ಜೋಡಿಸಿ ಕಾಲೇಜು ಕಚೇರಿಗೆ ಕೊಟ್ಟಿದ್ದೇವೆ. ಯಾರು ಕೊಟ್ಟರು, ಯಾರು 'ಮುಂದಿನ ವರ್ಷ ಬರ್ರಿ' ಎಂದರು ಎಂಬುದೂ ಅದರಲ್ಲಿದೆ. ಹಾಗೆ ಹೇಳಿದವರು ಒಂಬತ್ತು ಮಂದಿ. ಹೊಸ ಸಮಿತಿಯವರೇ, ನಿಮ್ಮ ಓಡಾಟ ಅವರಿಂದಲೇ ಶುರುವಾಗಲಿ.