ನಮ್ಮ ವಾರ್ಡಿನ ಕ್ಲಿನಿಕ್ ಎಲ್ಲಿದೆ? ವಾಟರ್ ಟ್ಯಾಂಕ್ ಎದುರು!

ಅಮ್ಮನ ಬಿಪಿ ತೋರಿಸಲು ನಮ್ಮ ವಾರ್ಡಿನ ಸರ್ಕಾರಿ ಕ್ಲಿನಿಕ್‌ಗೆ ಹೋಗಬೇಕಿತ್ತು. ಆಟೊದವರಿಗೆ ಹೆಸರು ಹೇಳಿದೆ, ಗೊತ್ತಾಗಲಿಲ್ಲ. ‘ಮಾರಮ್ಮನ ಗುಡಿ ಹಿಂದೆ, ವಾಟರ್ ಟ್ಯಾಂಕ್ ಎದುರು’ ಅಂದೆ. ‘ಅಲ್ಲಿ ಆಸ್ಪತ್ರೆ ಇದ್ಯಾ ಸಾರ್? ದಿನಾ ಅದೇ ರೋಡಲ್ಲಿ ಓಡಾಡ್ತೀನಲ್ಲ!’ ಅಂದರು.

ವಿಕ್ಟೋರಿಯಾ ಅಂದಿದ್ದರೆ ಈ ಮಾತೇ ಬರುತ್ತಿರಲಿಲ್ಲ. 1900ರಲ್ಲಿ ಲಾರ್ಡ್ ಕರ್ಜನ್ ಉದ್ಘಾಟಿಸಿದ ಆಸ್ಪತ್ರೆ ಅದು. ಮಗ್ಗುಲಲ್ಲೇ 1935ರ ವಾಣಿ ವಿಲಾಸ, ಮಿಂಟೋ ಕಣ್ಣಾಸ್ಪತ್ರೆ. ಸುತ್ತ ಕೋಟೆ, ಟಿಪ್ಪುವಿನ ಬೇಸಿಗೆ ಅರಮನೆ, ಕೋಟೆ ವೆಂಕಟರಮಣ ಗುಡಿ, ಕೆ.ಆರ್. ಮಾರ್ಕೆಟ್. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಗುರುತು ಬೇಕಿಲ್ಲ, ಅದೇ ಒಂದು ಗುರುತು. ಹಾಗಾಗಿ ಬರೀ ಜ್ವರ, ಶುಗರ್ ಇದ್ದವರೂ ಮಾರ್ಕೆಟ್ ಬಸ್ ಹತ್ತಿಬಿಡ್ತಾರೆ.

ಇಂಜಿನಿಯರಿಂಗ್ ಓದಿದವನ ಚಾಳಿ, ನನಗಿದು ಲೋಡ್ ಬ್ಯಾಲೆನ್ಸಿಂಗ್ ಸಮಸ್ಯೆಯಾಗಿ ಕಾಣುತ್ತೆ. ಎಲ್ಲ ರಿಕ್ವೆಸ್ಟೂ ಒಂದೇ ಸರ್ವರ್‌ಗೆ ಬಿದ್ದರೆ ಸಣ್ಣ ಕೆಲಸವೂ ಸಿಕ್ಕಿಕೊಳ್ಳುತ್ತೆ, ದೊಡ್ಡದೂ ಸಿಕ್ಕಿಕೊಳ್ಳುತ್ತೆ. ಬಿಪಿ ಮಾತ್ರೆಯವರು ಮತ್ತು ಆಪರೇಷನ್ ಆಗಬೇಕಾದವರು ಒಂದೇ ಕಡೆ ಕ್ಯೂ ನಿಂತರೆ ಇಬ್ಬರಿಗೂ ನಷ್ಟ. ದಿನಗೂಲಿಯವರಿಗಂತೂ ಅವತ್ತಿನ ಕೂಲಿಯೇ ಹೋಯಿತು.

ಇದಕ್ಕೆ ಮದ್ದು ಅಂತಲೇ 2022ರ ಡಿಸೆಂಬರಿನಲ್ಲಿ ‘ನಮ್ಮ ಕ್ಲಿನಿಕ್’ ಯೋಜನೆ ಶುರುವಾಯಿತು. (ದಿಲ್ಲಿಯ ಮೊಹಲ್ಲಾ ಕ್ಲಿನಿಕ್ 2015ರದ್ದು, ನಾವು ತಡ.) ರಾಜ್ಯದ ನಗರಗಳಿಗೆ 438 ಅಂತ ಗುರಿ. ಅದರಲ್ಲಿ 243 ಬೆಂಗಳೂರಿಗೆ, ವಾರ್ಡಿಗೊಂದರ ಲೆಕ್ಕದಲ್ಲಿ. ಒಬ್ಬರು ಡಾಕ್ಟರ್, ಒಬ್ಬರು ನರ್ಸ್, ಒಬ್ಬರು ಲ್ಯಾಬ್ ಟೆಕ್ನಿಷಿಯನ್, ಒಬ್ಬರು ಸಹಾಯಕರು. ತಪಾಸಣೆ, ರಕ್ತಪರೀಕ್ಷೆ, ಮಾತ್ರೆ ಎಲ್ಲ ಉಚಿತ. ಇಲ್ಲಿ ಆಗದ್ದನ್ನು ಮಾತ್ರ ಮೇಲಿನ ಆಸ್ಪತ್ರೆಗೆ ಕಳಿಸಬೇಕು. ಡಿಸೈನ್ ಸರಿಯಾಗಿಯೇ ಇದೆ.

ಆದರೆ ಶುರುವಿನಲ್ಲಿ ಗೊತ್ತುಮಾಡಿದ ಸಮಯ ನೋಡಿ: ಬೆಳಿಗ್ಗೆ 9ರಿಂದ ಸಂಜೆ 4.30. ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಆ ಹೊತ್ತಿಗೆ ಮಷೀನ್ ಮುಂದೆ ಕೂತಿರುತ್ತಾರೆ, ಗಾರೆ ಕೆಲಸದವರು ಸೈಟಲ್ಲಿರುತ್ತಾರೆ. ಮನೆ ಪಕ್ಕದ ಉಚಿತ ಕ್ಲಿನಿಕ್‌ಗೂ ಅರ್ಧ ದಿನದ ಕೂಲಿ ಬಿಡಬೇಕು ಅಂದರೆ, ಅದು ಉಚಿತ ಹೇಗಾಗುತ್ತೆ? ಕಟ್ಟಡಕ್ಕೆ ಸುಣ್ಣ ಬಳಿದು ಬೋರ್ಡ್ ಹಾಕೋದು ಸುಲಭ. ಸಂಜೆ ಏಳಕ್ಕೆ ಡಾಕ್ಟರನ್ನು ಕೂರಿಸೋಕೆ ಸಂಬಳ, ಎರಡನೇ ಶಿಫ್ಟ್, ರಾತ್ರಿ ಮನೆ ಸೇರೋ ವ್ಯವಸ್ಥೆ ಎಲ್ಲ ಬೇಕು. ನಿಮ್ಮ ವಾರ್ಡಿಗೆ ವೋಟು ಕೇಳೋಕೆ ಬರುವವರನ್ನು ಕಟ್ಟಡದ ಬಗ್ಗೆ ಅಲ್ಲ, ಈ ಶಿಫ್ಟ್ ಬಗ್ಗೆ ಕೇಳಿ.

ಅಮ್ಮನಿಗೆ ಹದಿನೈದೇ ನಿಮಿಷದಲ್ಲಿ ಕೆಲಸ ಮುಗಿಯಿತು, ಮಾತ್ರೆಯೂ ಸಿಕ್ಕಿತು. ಹೊರಗೆ ಅದೇ ಆಟೊದವರು ಕಾಯುತ್ತಿದ್ದರು. ‘ನಂಗೂ ಶುಗರ್ ಇದೆ ಸಾರ್, ಎಷ್ಟೊತ್ತಿನ ತನಕ ತೆಗೆದಿರ್ತಾರೆ?’ ಅಂದರು. ನಾಲ್ಕೂವರೆ ಅಂದೆ.

‘ಅಯ್ಯೋ, ಅದು ಸ್ಕೂಲ್ ಬಿಡೋ ಟೈಮು’ ಅಂತ ಮೀಟರ್ ಹಾಕಿದರು.