ಹೊರೆ ಬೇಡುವ ಮೂಳೆ

2025ರ ಮಾರ್ಚ್‌ನಲ್ಲಿ ಗಗನಯಾತ್ರಿ ಸುನೀತಾ ವಿಲಿಯಮ್ಸ್ ಭೂಮಿಗೆ ಮರಳಿದ ದೃಶ್ಯ ಟೀವಿ ನೋಡಿದವರಿಗೆ ನೆನಪಿರಬಹುದು. ಫ್ಲಾರಿಡಾ ಕರಾವಳಿಯಾಚೆ ಕಡಲಿಗಿಳಿದ ಕ್ಯಾಪ್ಸೂಲ್‌ನಿಂದ ನಗುತ್ತಲೇ ಹೊರಬಂದ ಅವರನ್ನು ಸಿಬ್ಬಂದಿ ಸ್ಟ್ರೆಚರ್‌ಗೆ ದಾಟಿಸಿದರು. 286 ದಿನ ತೇಲಿಕೊಂಡೇ ಇದ್ದು ಬಂದವರಿಗೆ ಅದು ಮಾಮೂಲಿ ಕ್ರಮ. ಹಾಗೆ ಬಂದವರಿಗೆ ತಲೆ ಸುತ್ತುತ್ತದೆ, ಕಾಲಿನ ಸ್ನಾಯು ಸೋಲುತ್ತದೆ. ಇವೆರಡೂ ಬೇಗ ಸುಧಾರಿಸುತ್ತವೆ. ಹೊರಗೆ ಕಾಣದ ನಷ್ಟ ಮೂಳೆಯದು. ಬಾಹ್ಯಾಕಾಶದಲ್ಲಿ ಸೊಂಟದ ಭಾಗದ ಮೂಳೆ ತಿಂಗಳಿಗೆ ಶೇ 1ರಿಂದ 1.5ರಷ್ಟು ಖನಿಜಾಂಶ ಕಳೆದುಕೊಳ್ಳುತ್ತದೆ. ಮುಟ್ಟು ನಿಂತ ಹೆಂಗಸರಲ್ಲಿ ಇಷ್ಟು ಸವೆಯಲು ಹೆಚ್ಚು ಕಡಿಮೆ ಒಂದು ವರ್ಷ ಹಿಡಿಯುತ್ತದೆ. ಅದಕ್ಕೇ ಅಲ್ಲಿರುವವರು ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮ ಮಾಡಲೇಬೇಕು.

ಊಟದಲ್ಲಿ ಕೊರತೆ ಇಲ್ಲ, ವೈದ್ಯರ ನಿಗಾ ಇದೆ. ಆದರೂ ಮೂಳೆ ಏಕೆ ಸವೆಯುತ್ತದೆ? ಹೊರಲು ಭಾರವಿಲ್ಲ, ಅಷ್ಟೇ.

ಮೂಳೆ ಎಂದರೆ ಸುಣ್ಣಕಲ್ಲಿನಂಥ ಜಡವಸ್ತು ಎಂಬ ಭಾವನೆ ಶಾಲೆಯ ಪ್ರಯೋಗಾಲಯದ ಅಸ್ಥಿಪಂಜರದಿಂದಲೇ ಬಂದಿರಬೇಕು. ಅದರ ಒಳಗುಟ್ಟು ನೋಡಲು ಅಡುಗೆಮನೆಯೇ ಸಾಕು. ಕೋಳಿಯ ಕಾಲಿನ ಮೂಳೆಯನ್ನು ಚೆನ್ನಾಗಿ ತೊಳೆದು, ವಿನೆಗರ್‌ನಲ್ಲಿ ಮುಳುಗಿಸಿ, ಎರಡು ಮೂರು ದಿನಕ್ಕೊಮ್ಮೆ ವಿನೆಗರ್ ಬದಲಿಸುತ್ತಾ ಬಂದರೆ ಒಂದು ವಾರದ ಹೊತ್ತಿಗೆ ಅದು ರಬ್ಬರಿನಂತೆ ಬಾಗುತ್ತದೆ. ಆಮ್ಲವು ಕ್ಯಾಲ್ಸಿಯಂ ಖನಿಜವನ್ನು ಕರಗಿಸಿದೆ, ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಮಾತ್ರ ಉಳಿದಿವೆ. ಅಂಥದ್ದೇ ಇನ್ನೊಂದು ಮೂಳೆಯನ್ನು ಕೆಂಡದಲ್ಲಿ ಸುಟ್ಟರೆ ಪ್ರೋಟೀನು ಉರಿದುಹೋಗಿ, ಆಕಾರ ಹಾಗೇ ಉಳಿದರೂ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ತೂಕದಲ್ಲಿ ಸುಮಾರು ಮೂರನೇ ಎರಡು ಪಾಲು ಖನಿಜ, ಉಳಿದದ್ದರಲ್ಲಿ ಬಹುಪಾಲು ಕೊಲಾಜೆನ್. ಒಂದು ಗಡಸುತನ ಕೊಟ್ಟರೆ ಇನ್ನೊಂದು ಬಾಗುವ ಗುಣ ಕೊಡುತ್ತದೆ. ಎರಡೂ ಸೇರಿದ್ದರಿಂದಲೇ ಮಕ್ಕಳು ಮರದಿಂದ ಜಿಗಿದರೂ ಸಾಮಾನ್ಯವಾಗಿ ಕಾಲು ಮುರಿಯುವುದಿಲ್ಲ.

ಹುಟ್ಟಿದ ಮಗುವಿನಲ್ಲಿ 270ಕ್ಕೂ ಹೆಚ್ಚು ಮೂಳೆಗಳಿರುತ್ತವೆ. ಬೆಳೆಯುತ್ತಾ ಕೆಲವು ಬೆಸೆದುಕೊಂಡು 206ಕ್ಕೆ ನಿಲ್ಲುತ್ತವೆ. ಲೆಕ್ಕ ಅಲ್ಲಿಗೆ ಮುಗಿದರೂ ಕೆಲಸ ಮುಗಿಯುವುದಿಲ್ಲ. ಆಸ್ಟಿಯೋಕ್ಲಾಸ್ಟ್ ಎಂಬ ಜೀವಕೋಶಗಳು ಹಳೆಯ ಮೂಳೆಯ ಮೇಲೆ ಕೂತು ಆಮ್ಲ ಸುರಿಸಿ ಗುಳಿ ತೋಡುತ್ತವೆ. ಅವುಗಳ ಹಿಂದೆಯೇ ಬರುವ ಆಸ್ಟಿಯೋಬ್ಲಾಸ್ಟ್‌ಗಳು ಆ ಗುಳಿಯನ್ನು ಹೊಸ ಮೂಳೆಯಿಂದ ತುಂಬುತ್ತವೆ. ಒಡೆಯುವ ಕೆಲಸಕ್ಕೆ ಎರಡು ಮೂರು ವಾರ, ಕಟ್ಟುವುದಕ್ಕೆ ಮೂರು ನಾಲ್ಕು ತಿಂಗಳು. ಹೀಗೆ ವಯಸ್ಕರ ಅಸ್ಥಿಪಂಜರದ ಶೇ 10ರಷ್ಟು ಭಾಗ ಪ್ರತಿವರ್ಷ ಹೊಸದಾಗುತ್ತದೆ.

ಎಲ್ಲಿ ಒಡೆಯಬೇಕು, ಎಲ್ಲಿ ಕಟ್ಟಬೇಕು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಮೂಳೆಯೊಳಗೇ ಹುದುಗಿರುವ ಆಸ್ಟಿಯೋಸೈಟ್‌ಗಳು. ಹೆಜ್ಜೆ ಇಟ್ಟಾಗ, ಭಾರ ಎತ್ತಿದಾಗ ಮೂಳೆ ಕೂದಲೆಳೆಯಷ್ಟೂ ಅಲ್ಲದ ಪ್ರಮಾಣದಲ್ಲಿ ಬಾಗುತ್ತದೆ. ಆ ಬಾಗು ಇವುಗಳಿಗೆ ಗೊತ್ತಾಗುತ್ತದೆ. ಹೊರೆ ಬಿದ್ದಲ್ಲಿ ಮೂಳೆ ದಪ್ಪವಾಗುತ್ತದೆ, ಬೀಳದಲ್ಲಿ ತೆಳುವಾಗುತ್ತದೆ ಎಂದು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲೇ ಪುಸ್ತಕ ಬರೆದಿದ್ದ. ಟೆನಿಸ್ ಆಟಗಾರರ ಎರಡೂ ತೋಳಿನ ಎಕ್ಸ್‌ರೇ ಅಕ್ಕಪಕ್ಕ ಇಟ್ಟರೆ ಇದು ಕಣ್ಣಿಗೇ ಕಾಣುತ್ತದೆ. ರ‍್ಯಾಕೆಟ್ ಹಿಡಿಯುವ ತೋಳಿನ ಮೂಳೆ ಸ್ಪಷ್ಟವಾಗಿ ದಪ್ಪ. ಮೈನೆರೆಯುವ ಮೊದಲೇ ಆಟ ಶುರುಮಾಡಿದವರಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು. ಆದರೆ ಹೃದಯಕ್ಕೆ ಅಷ್ಟೆಲ್ಲ ಒಳ್ಳೆಯದಾದ ಈಜು ಮತ್ತು ಸೈಕಲ್ ಸವಾರಿ ಮೂಳೆಗೆ ಹೇಳಿಕೊಳ್ಳುವಂಥ ಲಾಭ ಕೊಡುವುದಿಲ್ಲ. ನೀರು, ಸೀಟು ಎರಡೂ ಮೈಭಾರವನ್ನು ತಾವೇ ಹೊತ್ತುಬಿಡುತ್ತವೆ. ಮೂಳೆಗೆ ಬೇಕಾದ್ದು ಬಿರುಸು ನಡಿಗೆ, ಮೆಟ್ಟಿಲು, ಕುಂಟೆಬಿಲ್ಲೆ, ತೂಕ ಎತ್ತುವುದು.

ಮೂಳೆ ಕರಗುವುದಕ್ಕೆ ಇನ್ನೊಂದು ಕಾರಣವೂ ಇದೆ. ದೇಹದ ಕ್ಯಾಲ್ಸಿಯಂನಲ್ಲಿ ಶೇ 99 ಭಾಗ, ಅಂದರೆ ಸುಮಾರು ಒಂದು ಕಿಲೋ, ಇರುವುದು ಮೂಳೆ ಮತ್ತು ಹಲ್ಲಿನಲ್ಲಿ. ರಕ್ತದಲ್ಲಿರುವುದು ಚೂರೇ ಚೂರು. ಆದರೆ ಹೃದಯ ಬಡಿಯುವುದು, ನರ ಮಿಡಿಯುವುದು ಆ ಚೂರಿನ ಮೇಲೇ ನಿಂತಿದೆ. ಅದು ಸ್ವಲ್ಪ ಇಳಿದರೂ ಕತ್ತಿನಲ್ಲಿರುವ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳು ಹಾರ್ಮೋನು ಹರಿಸಿ ಮೂಳೆಯಿಂದ ಕ್ಯಾಲ್ಸಿಯಂ ತೆಗೆಸುತ್ತವೆ. ಊಟದಲ್ಲಿ ಕೊರೆಯಾದದ್ದನ್ನು ಮೂಳೆ ತೆರುತ್ತದೆ. ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಾಗಿದೆ ಎಂದ ಮಾತ್ರಕ್ಕೆ ಮೂಳೆ ಗಟ್ಟಿ ಇದೆ ಎನ್ನಲಾಗದು.

ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ. ಈ ವಿಷಯದಲ್ಲಿ ರಾಗಿ ತಿನ್ನುವವರು ಪುಣ್ಯವಂತರು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ಅಕ್ಕಿಯಲ್ಲಿ ಹತ್ತರ ಆಸುಪಾಸು. ರಾಗಿಯ ಫೈಟೇಟ್ ಅಂಶ ಕ್ಯಾಲ್ಸಿಯಂ ಮೈಗೆ ಹತ್ತದಂತೆ ತುಸು ತಡೆಯುತ್ತದೆ. ಮೊಳಕೆ ಕಟ್ಟಿದರೆ ಆ ಅಡ್ಡಿ ತಗ್ಗುತ್ತದೆ, ಮಕ್ಕಳಿಗೆ ಮೊಳಕೆ ರಾಗಿಯ ಸರಿ ಮಾಡುತ್ತಿದ್ದ ಅಜ್ಜಿಯರ ಲೆಕ್ಕ ತಪ್ಪಿರಲಿಲ್ಲ. ಇನ್ನು ಕ್ಯಾಲ್ಸಿಯಂ ಹೀರಲು ಬೇಕಾದ ವಿಟಮಿನ್ ಡಿ ಮುಖ್ಯವಾಗಿ ಬಿಸಿಲಿನಿಂದ ಬರಬೇಕು. ಕಿಟಕಿಯ ಗಾಜು ದಾಟಿ ಬರುವ ಬಿಸಿಲಿನಿಂದ ಅದು ಹುಟ್ಟುವುದಿಲ್ಲ.

ಗಟ್ಟಿಯಾದದ್ದೆಲ್ಲ ಬಲವಾದದ್ದು ಎಂದುಕೊಳ್ಳುವಂತೆಯೂ ಇಲ್ಲ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂನ ಮಿತಿ ಮೀರಿದೆ. ವರ್ಷಗಟ್ಟಲೆ ಅದನ್ನೇ ಕುಡಿದರೆ ಫ್ಲೋರೈಡ್ ಮೂಳೆಯ ಖನಿಜದೊಳಗೆ ಸೇರಿಕೊಳ್ಳುತ್ತದೆ. ಎಕ್ಸ್‌ರೇಯಲ್ಲಿ ಮೂಳೆ ದಟ್ಟವಾಗಿ, ಬೆಳ್ಳಗೆ ಕಾಣುತ್ತದೆ, ಆದರೆ ಪೆಡಸಾಗಿರುತ್ತದೆ. ಕೀಲಿನ ಸುತ್ತಲ ಕಟ್ಟುಗಳೂ ಕಲ್ಲಾಗುತ್ತವೆ, ಬೆನ್ನು ಬಾಗಿಸಲು ಆಗುವುದಿಲ್ಲ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಅದರ ಸಾಂದ್ರತೆ ಇನ್ನಷ್ಟು ಏರುತ್ತದೆ. ಊರಿಗೆ ನದಿಮೂಲದ ನೀರು ತರುವುದು ಅಥವಾ ಶುದ್ಧ ನೀರಿನ ಘಟಕ ಕೆಡದಂತೆ ನೋಡಿಕೊಳ್ಳುವುದೇ ದಾರಿ.

ಮುರಿದ ಮೂಳೆ ತಾನಾಗಿ ಕೂಡುತ್ತದೆ ಎಂಬುದು ಇದೇ ಜೀವಂತಿಕೆಯ ಇನ್ನೊಂದು ಮುಖ. ಆಂಧ್ರದ ಪುತ್ತೂರಿನಲ್ಲಿ ಮುರಿದ ಮೂಳೆಗೆ ಹಾಕುವ ನಾಟಿ ಕಟ್ಟಿಗಾಗಿ ಕರ್ನಾಟಕದಿಂದಲೂ ಜನ ಬಸ್ಸು ಹತ್ತುತ್ತಾರೆ. ಕಟ್ಟಾಗಲಿ, ಆಸ್ಪತ್ರೆಯ ಪ್ಲಾಸ್ಟರ್ ಆಗಲಿ, ಮೂಳೆಯನ್ನು ಅಂಟಿಸುವುದಿಲ್ಲ. ಅಲುಗದಂತೆ, ನೇರವಾಗಿ ಹಿಡಿದಿಡುತ್ತವೆ. ಹೆಪ್ಪುಗಟ್ಟಿದ ರಕ್ತದಿಂದ ಶುರುವಾಗಿ ಮೃದು ಗಂಟು, ಆಮೇಲೆ ಗಟ್ಟಿ ಗಂಟು ಬೆಳೆಸುವುದು ಮೂಳೆಯೇ. ಸೊಟ್ಟಗೆ ಹಿಡಿದಿಟ್ಟರೆ ಸೊಟ್ಟಗೇ ಕೂಡುತ್ತದೆ, ಹಾಗಾಗಿ ಎಕ್ಸ್‌ರೇ ಇಲ್ಲದ ಕಟ್ಟು ಜೂಜು.

ಮೂವತ್ತರ ಆಸುಪಾಸಿಗೆ ಮೂಳೆಯ ದಾಸ್ತಾನು ತುಂಬಿರುತ್ತದೆ, ಮುಂದೆ ಒಡೆಯುವ ಕೋಶಗಳ ಕೈ ನಿಧಾನವಾಗಿ ಮೇಲಾಗುತ್ತದೆ. ಹೆಂಗಸರಲ್ಲಿ ಆ ಕೋಶಗಳಿಗೆ ಕಡಿವಾಣ ಹಾಕುವುದು ಈಸ್ಟ್ರೊಜೆನ್ ಹಾರ್ಮೋನು. ಮುಟ್ಟು ನಿಂತ ಮೇಲಿನ ಐದಾರು ವರ್ಷಗಳಲ್ಲಿ ಕೆಲವರು ಶೇ 20ರವರೆಗೂ ಮೂಳೆ ಕಳೆದುಕೊಳ್ಳುವುದುಂಟು. ನೋವಿಲ್ಲ, ಸೂಚನೆಯಿಲ್ಲ. ಬೆನ್ನುಮೂಳೆಯ ಮಣಿ ಕುಸಿದು ಬಂದ ನೋವನ್ನೂ ವಾಯು ಎಂದು ಎಣ್ಣೆ ತಿಕ್ಕಿ ಮರೆಯುತ್ತಾರೆ. ಒಂದು ದಿನ ಬಚ್ಚಲಲ್ಲಿ ಜಾರಿ ತೊಡೆಮೂಳೆಯ ಕತ್ತು ಮುರಿದಾಗಲೇ ವಿಷಯ ಗೊತ್ತಾಗುವುದು. ಮನೆಯಲ್ಲಿ 65 ದಾಟಿದ ಹೆಂಗಸರಿದ್ದರೆ, ಅಥವಾ ಯಾರದಾದರೂ ಎತ್ತರ ಒಂದೆರಡು ಅಂಗುಲ ಕುಗ್ಗಿದ್ದರೆ, ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬಗ್ಗೆ ವೈದ್ಯರನ್ನು ಕೇಳಿ. ಕೆಲವೇ ನಿಮಿಷದ, ನೋವಿಲ್ಲದ ಪರೀಕ್ಷೆ ಅದು. ಹಾಗೆಯೇ ಬಚ್ಚಲುಮನೆಯ ಗೋಡೆಗೆ ಒಂದು ಹಿಡಿಕೆ ಹಾಕಿಸಿ.