ಮಕ್ಕಳ ಕಾರ್ಟೂನ್ ಹಾಸ್ಯ ಮತ್ತು ಮೈಂದರ್ಗಿಯ ಕನ್ನಡ ಮನೆ: ‘ಮೋಟು ಪತ್ಲು’ವನ್ನು ಅಳೆಯುವ ಬಗೆ

ಆನ್‌ಲೈನ್ ವಿಚಾರ ಸಂಕಿರಣದಲ್ಲಿ ನಾನು ಆಡಿದ ಮಾತುಗಳನ್ನೇ ಸ್ವಲ್ಪ ತಿದ್ದಿ ಇಲ್ಲಿ ಪ್ರಬಂಧದ ರೂಪದಲ್ಲಿ ಕೊಟ್ಟಿದ್ದೇನೆ. ಅಲ್ಲಲ್ಲಿ ನಮ್ಮೂರ ಮಾತು ನುಸುಳಿದ್ದರೆ ಹಾಗೇ ಇರಲಿ ಅಂತ ಬಿಟ್ಟಿದ್ದೇನೆ.

ಪೀಠಿಕೆ

ನಾನು ಸೊಲ್ಲಾಪುರ ಜಿಲ್ಲೆ, ಅಕ್ಕಲಕೋಟ ತಾಲೂಕಿನ ಮೈಂದರ್ಗಿಯವನು. ನಮ್ಮ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಕನ್ನಡ ಮಾಧ್ಯಮದ ಮಕ್ಕಳು ಪುಣೆಯ ಬಾಲಭಾರತಿ ಪ್ರಕಟಿಸುವ ಕನ್ನಡ ಪಠ್ಯಪುಸ್ತಕ ಓದುತ್ತಾರೆ. ಒಂದನೆಯ ತರಗತಿಯಲ್ಲಿರುವ ನನ್ನ ಅಕ್ಕನ ಮಗನೂ ಹಾಗೇ ಓದುತ್ತಾನೆ. ಆದರೆ ಸಂಜೆ ಮನಿಗೆ ಬಂದು ಅವನು ನಗೂದು ಮಾತ್ರ ಹಿಂದಿಯಾಗ. 2009ರಿಂದ ಕನ್ನಡಕ್ಕೂ ‘ಚಿಂಟು ಟಿವಿ’ ಎಂಬ ಮಕ್ಕಳ ವಾಹಿನಿ ಇದೆ. ಅವನಿಗೆ ಬೇಕಾದದ್ದು ಮಾತ್ರ ‘ಮೋಟು ಪತ್ಲು’.

ಪಕ್ಕದಲ್ಲಿ ಕೂರುವವಳು ನಮ್ಮ ಅಜ್ಜಿ. ಆಕೆಗೆ ಹಿಂದಿ ಅಷ್ಟಾಗಿ ತಿಳಿಯುವುದಿಲ್ಲ. “ಹುಡುಗ ನಕ್ಕೋತ ಕುಂತಾನ, ಇರ್ಲಿ ಬಿಡು” ಅನ್ನುತ್ತಾಳೆ. ಮಗು ನಗುತ್ತಿದೆ ಅಂದಮಾತ್ರಕ್ಕೆ ಕಾರ್ಯಕ್ರಮ ಮಗುವಿಗೆ ತಕ್ಕದ್ದೇ? ಈ ಪ್ರಶ್ನೆಯಿಂದಲೇ ನನ್ನ ಪ್ರಬಂಧ ಹುಟ್ಟಿತು.

ಅಳತೆಗೋಲು

ಸದ್ಯಕ್ಕೆ ನಮ್ಮ ಕೈಯಲ್ಲಿರುವ ಅಳತೆಗಳು ಎರಡು ಬಗೆಯವು. ಮೊದಲನೆಯದು ಕಾನೂನು. 1994ರ ಕೇಬಲ್ ಟೆಲಿವಿಷನ್ ನಿಯಮಗಳ ಪ್ರಕಾರ ಮಕ್ಕಳ ಕಾರ್ಯಕ್ರಮಗಳಲ್ಲಿ ಕೆಟ್ಟ ಭಾಷೆಯಾಗಲಿ ಎದ್ದುಕಾಣುವ ಹಿಂಸೆಯಾಗಲಿ ಇರಬಾರದು. ಎರಡನೆಯದು ಗಡಿಯಾರ. ಭಾರತೀಯ ಮಕ್ಕಳ ತಜ್ಞರ ಸಂಘದ ಸಲಹೆಯಂತೆ ಎರಡರಿಂದ ಐದು ವರ್ಷದ ಮಕ್ಕಳಿಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ, ಐದರಿಂದ ಹತ್ತು ವರ್ಷದವರಿಗೆ ಎರಡು ಗಂಟೆಗಿಂತ ಕಡಿಮೆ ಪರದೆ ಸಾಕು. ಎರಡೂ ಬೇಕಾದವೇ. ಆದರೆ ಆ ಹೊತ್ತಿನಲ್ಲಿ ಮಗು ಯಾರನ್ನು ನೋಡಿ ನಗುತ್ತದೆ ಅನ್ನೋದನ್ನ ಇವು ಕೇಳುವುದಿಲ್ಲ.

ಸಾಹಿತ್ಯದ ವಿದ್ಯಾರ್ಥಿಯಾಗಿ ನನಗೆ ಇಲ್ಲಿ ಭರತನ ನಾಟ್ಯಶಾಸ್ತ್ರ ನೆನಪಾಯಿತು. ವಿಕೃತವಾದ ವೇಷ, ವಿಕೃತವಾದ ಆಚಾರ, ವಿಕೃತವಾದ ಮಾತು ಇವುಗಳಿಂದ ಹಾಸ್ಯ ಹುಟ್ಟುತ್ತದೆ ಎಂದು ಅಲ್ಲಿ ಹೇಳಿದೆ. ‘ವಿಕೃತ’ ಅಂದ್ರ ವಾಡಿಕೆಗಿಂತ ಬೇರೆಯಾದದ್ದು ಎಂದು ಇಲ್ಲಿ ಇಟ್ಟುಕೊಳ್ಳೋಣ. ಈ ಮೂರನ್ನೇ ಮೂರು ಪ್ರಶ್ನೆಗಳಾಗಿ ಮಾಡಿಕೊಂಡು ‘ಮೋಟು ಪತ್ಲು’ವನ್ನು ನೋಡಿದ್ದೇನೆ.

ವಿಶ್ಲೇಷಣೆ

‘ಲೋಟ್‌ಪೋಟ್’ ಎಂಬ ಹಿಂದಿ ಮಕ್ಕಳ ಪತ್ರಿಕೆಯ ಪಾತ್ರಗಳನ್ನು ಆಧರಿಸಿದ ಈ ಧಾರಾವಾಹಿ 2012ರಲ್ಲಿ ನಿಕೆಲೋಡಿಯನ್ ವಾಹಿನಿಯಲ್ಲಿ ಶುರುವಾಯಿತು. ಫುರ್ಫುರಿ ನಗರದ ಇಬ್ಬರು ಗೆಳೆಯರ ಕಥೆ ಇದು.

ಮೊದಲು ವೇಷ. ಮೋಟು ಅಂದರೆ ದಪ್ಪ, ಪತ್ಲು ಅಂದರೆ ತೆಳ್ಳಗೆ. ಮೈಯೇ ಇವರ ಹೆಸರು. ಶಾಲೆಯಲ್ಲಿ ದಪ್ಪಗಿರುವ ಹುಡುಗನನ್ನು ಕರೆಯಲು ಮಕ್ಕಳಿಗೆ ಸಿದ್ಧವಾದ ಶಬ್ದ ಸಿಕ್ಕಂತಾಯಿತು. ಆದರೂ ಒಂದು ಮಾತು ಹೇಳಲೇಬೇಕು. ಮೋಟು ತನ್ನ ಮೈಗೆ ನಾಚುವವನಲ್ಲ. ಸಮೋಸ ತಿಂದು ಬಲ ತಂದುಕೊಂಡು ಊರನ್ನು ಕಾಪಾಡುವವನೂ ಅವನೇ. ಇಬ್ಬರ ಗೆಳೆತನವೂ ಮುರಿಯುವುದಿಲ್ಲ.

ಎರಡನೆಯದು ಆಚಾರ. ಇಲ್ಲಿ ಹೊಡೆದಾಟ ಬಹಳ. ಎತ್ತರದಿಂದ ಬಿದ್ದವನು ಮರುಕ್ಷಣ ಎದ್ದು ಓಡುತ್ತಾನೆ, ನೋವು ಕಾಣುವುದಿಲ್ಲ. “ಅದು ಕಾರ್ಟೂನು, ಮಕ್ಕಳಿಗೆ ಗೊತ್ತಾಗ್ತದ” ಅಂತ ನಾವು ಸಮಾಧಾನ ಹೇಳಿಕೊಳ್ಳುತ್ತೇವೆ. 1963ರಲ್ಲಿ ಆಲ್ಬರ್ಟ್ ಬಂಡೂರ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ ಮಕ್ಕಳಿಗೆ ಗೊಂಬೆಯನ್ನು ಹೊಡೆಯುವ ದೃಶ್ಯ ತೋರಿಸಲಾಗಿತ್ತು. ಕೆಲವರು ಎದುರಿಗಿದ್ದ ಮನುಷ್ಯನನ್ನು, ಕೆಲವರು ಚಿತ್ರದಲ್ಲಿ ಮನುಷ್ಯನನ್ನು, ಇನ್ನು ಕೆಲವರು ಕಾರ್ಟೂನಿನಂಥ ಬೆಕ್ಕಿನ ಪಾತ್ರವನ್ನು ನೋಡಿದರು. ಏನೂ ನೋಡದ ಮಕ್ಕಳಿಗಿಂತ ಈ ಮೂರೂ ಗುಂಪಿನ ಮಕ್ಕಳು ಆಮೇಲೆ ಹೆಚ್ಚು ಆಕ್ರಮಣಶೀಲರಾಗಿ ವರ್ತಿಸಿದರು. ಬೆಕ್ಕಿನ ವೇಷ ಅಡ್ಡ ಬರಲಿಲ್ಲ.

ಮೂರನೆಯದು ಮಾತು. ನಮ್ಮೂರಿಗೆ ಮುಖ್ಯವಾದದ್ದು ಇದು. ಧಾರಾವಾಹಿಯಲ್ಲಿ ಇನ್ಸ್‌ಪೆಕ್ಟರ್ ಚಿಂಗಮ್ ಎಂಬ ಪಾತ್ರವಿದೆ. ದಕ್ಷಿಣ ಭಾರತದವರ ಧಾಟಿಯಲ್ಲಿ ಹಿಂದಿ ಆಡುವುದೇ ಅವನ ಹಾಸ್ಯದ ಒಂದು ಮೂಲ. ಹಿಂದಿ ಮನೆಮಾತಾಗಿರುವ ಮಗುವಿಗೆ ಅದು ದೂರದವರ ಉಚ್ಚಾರ. ಮೈಂದರ್ಗಿಯ ಮಗುವಿಗೆ ಅದು ಸ್ವಂತ ಅಜ್ಜಿಯ ಉಚ್ಚಾರ.

ಒಮ್ಮೆ ಹೊರಗಿನಿಂದ ಬಂದ ಬಟ್ಟೆ ವ್ಯಾಪಾರಿಯ ಜೊತೆ ಅಜ್ಜಿ ತನಗೆ ಬಂದಷ್ಟು ಹಿಂದಿಯಲ್ಲಿ ಚೌಕಾಸಿ ಮಾಡುತ್ತಿದ್ದಳು. ಹುಡುಗ ಬಿದ್ದು ಬಿದ್ದು ನಕ್ಕು “ಅಜ್ಜಿ ಚಿಂಗಮ್!” ಅಂದ. ನಾವೂ ನಕ್ಕೆವು, ಅಜ್ಜಿಯೂ ನಕ್ಕಳು. ಮುಂದಿನ ಸಲ ವ್ಯಾಪಾರಿ ಬಂದಾಗ ಆಕೆ ಹೊರಗೆ ಬರಲಿಲ್ಲ. “ನೀನೇ ಮಾತಾಡು ಹೋಗು” ಅಂತ ನನ್ನನ್ನು ಕಳಿಸಿದಳು. ಇದರಲ್ಲಿ ತಪ್ಪು ಪಾತ್ರದ್ದಲ್ಲ, ಹುಡುಗನದ್ದೂ ಅಲ್ಲ. ಅವನು ನೋಡುವಾಗ ಆ ಹಿಂದಿ ತಿಳಿಯುವ ನಾವ್ಯಾರೂ ಪಕ್ಕದಲ್ಲಿ ಕೂತಿರಲಿಲ್ಲ.

ಸಮಾರೋಪ

ನನ್ನ ತೀರ್ಮಾನ ಇಷ್ಟು. ‘ಮೋಟು ಪತ್ಲು’ ಕೆಟ್ಟ ಕಾರ್ಯಕ್ರಮವಲ್ಲ. ಐದರ ಒಳಗಿನ ಮಕ್ಕಳಿಗೆ ಅದರ ಹೊಡೆದಾಟದ ಕಾರಣಕ್ಕೆ ಬೇಡ. ಆರೇಳು ವರ್ಷದವರು ಭಾಷೆ ತಿಳಿದ ಹಿರಿಯರ ಜೊತೆ ನೋಡಬಹುದು. ಮುಗಿದ ಮೇಲೆ “ಏನಾತು, ಕನ್ನಡದಾಗ ಹೇಳು” ಅಂತ ಕೇಳಬೇಕು. ಅಜ್ಜಿಗೆ ಕಥೆ ತಿಳಿಯುತ್ತದೆ. ಹುಡುಗ ಯಾಕೆ ನಕ್ಕ ಅನ್ನೋದು ನಮಗೂ ತಿಳಿಯುತ್ತದೆ.

ಚರ್ಚೆಯಲ್ಲಿ ಗುರುಗಳೊಬ್ಬರು “ಹಾಗಾದರೆ ಇಂಥವನ್ನು ನಿಲ್ಲಿಸಬೇಕೇ?” ಎಂದು ಕೇಳಿದರು. ಜಪಾನಿನ ‘ಶಿನ್‌ಚಾನ್’ ಪ್ರಸಾರ ನಮ್ಮ ದೇಶದಲ್ಲಿ 2008ರಲ್ಲಿ ನಿಂತು, ಕತ್ತರಿ ಹಾಕಿಸಿಕೊಂಡು ಮರಳಿ ಬಂತು. ಕತ್ತರಿ ಬೀಳುವುದು ಅಶ್ಲೀಲಕ್ಕೆ, ಒರಟುತನಕ್ಕೆ. ಉಚ್ಚಾರದ ನಗೆಗೆ ಯಾವ ಕತ್ತರಿಯೂ ಇಲ್ಲ. ಆದ್ದರಿಂದ ನಿಲ್ಲಿಸುವ ಮಾತಿಗಿಂತ ಪಕ್ಕದಲ್ಲಿ ಕೂರುವ ಕೆಲಸವೇ ನನಗೆ ಮುಖ್ಯ ಅನ್ನಿಸಿದೆ. ಈಗ ವಾರಕ್ಕೆ ಎರಡು ಸಂಜೆ ನಾನು ಕೂರುತ್ತಿದ್ದೇನೆ. ಅಜ್ಜಿ ಇನ್ನೂ ವ್ಯಾಪಾರಿಯ ಮುಂದೆ ಹಿಂದಿ ಆಡಿಲ್ಲ. ನಿಮ್ಮ ಅಭಿಪ್ರಾಯಗಳಿಗೆ ಕಾಯುತ್ತೇನೆ.